ಸವಾನಾಕ್ಕೆ ಐದು ಜನ ಗೆಳತಿಯರು, ಎರಡು ರಾತ್ರಿ: ಮನೆಯೋ, ಹೋಟೆಲ್ಲೋ, ಟೈಬೀಯೋ?

ಹಾಸನದ ಹುಡುಗಿ
ನಮಸ್ಕಾರ. ಅಕ್ಟೋಬರ್ ಎರಡನೇ ವಾರ ನಾವು ಐದು ಜನ ಅಮೆರಿಕದ ಜಾರ್ಜಿಯಾ ರಾಜ್ಯದ ಹಳೇ ಊರು ಸವಾನಾಕ್ಕೆ ಹೊರಟಿದ್ದೇವೆ. ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ಒಟ್ಟಿಗಿದ್ದವರು, ಈಗ ಎಲ್ಲರೂ ಅಟ್ಲಾಂಟಾ ಸುತ್ತಮುತ್ತ. ಮಕ್ಕಳನ್ನು ಗಂಡಂದಿರ ಕೈಗೆ ಬಿಟ್ಟು ಹೋಗುವುದು ಇದೇ ಮೊದಲು. ಶುಕ್ರವಾರ ಮಧ್ಯಾಹ್ನ ಹೊರಟು ಭಾನುವಾರ ರಾತ್ರಿ ವಾಪಸ್. ಇಬ್ಬರು ಸಸ್ಯಾಹಾರಿಗಳು, ಒಬ್ಬಳಿಗೆ ಮಂಡಿ ನೋವು. ಊರೊಳಗೆ ಮನೆ ಹಿಡಿಯೋದಾ, ಹೋಟೆಲ್ಲಾ, ಅಥವಾ ಊರ ಹತ್ತಿರದ ಟೈಬೀ ದ್ವೀಪದಲ್ಲಿ ಉಳಿಯೋದಾ? ಹೋಗಿ ಬಂದವರು ಹೇಳಿ.

ಲೆಕ್ಕದ ಪುಸ್ತಕ
ಮನೆ ಹಿಡಿಯುವ ಮುಂಚೆ ನನ್ನ ಕಥೆ ಕೇಳಿ. ಹೋದ ವರ್ಷ ನಾವೂ ಐದೇ ಜನ. ಫೋರ್ಸೈತ್ ಪಾರ್ಕ್ ಹತ್ತಿರ ಹಳೇ ಮನೆಯ ಮೇಲಿನ ಮಹಡಿ. ರಾತ್ರಿಗೆ 289 ಡಾಲರ್ ಅಂತ ತೋರಿಸಿತು, ಎರಡು ರಾತ್ರಿಗೆ 578. ದುಡ್ಡು ಕಟ್ಟುವ ಹೊತ್ತಿಗೆ ಕ್ಲೀನಿಂಗ್ 175, ಸರ್ವಿಸ್ ಫೀ 112, ತೆರಿಗೆ 95. ಒಟ್ಟು 960. ತಲೆಗೆ 192 ಅಂತ ಎಲ್ಲರೂ ಒಪ್ಪಿದ್ದೆವು. ಗುರುವಾರ ರಾತ್ರಿ ಹತ್ತು ಗಂಟೆಗೆ ಒಬ್ಬಳ ಮೆಸೇಜ್: ಮಗುವಿಗೆ ಜ್ವರ, ಬರೋಕಾಗಲ್ಲ. ಉಳಿದವರಿಗೆ ತಲೆಗೆ 240 ಆಯಿತು. ಅವಳು ಸಾರಿ ಅಂದಳು, 192 ಕೊಡಲಿಲ್ಲ. ಶನಿವಾರ ಸ್ಟೇಟಸ್ ನೋಡಿದರೆ ಅದೇ ಮಗು ಟ್ರ್ಯಾಂಪೊಲಿನ್ ಮೇಲೆ ಕುಣಿಯುತ್ತಿದೆ.

ಕ್ಲೀನಿಂಗ್‌ಗೆ 175 ತಗೊಂಡ ಮೇಲೂ ಫ್ರಿಜ್ ಮೇಲೆ ಚೀಟಿ. ಹಾಸಿಗೆ ಬಟ್ಟೆ ಮೆಷಿನ್‌ಗೆ ಹಾಕಿ, ಪಾತ್ರೆ ತೊಳೆದಿಡಿ, ಕಸ ಹಿಂದಿನ ಓಣಿಯಲ್ಲಿಡಿ. ಭಾನುವಾರ ಬೆಳಿಗ್ಗೆ ಪಾರ್ಕಿನ ಫೌಂಟನ್ ಮುಂದೆ ಫೋಟೋ ತೆಗೆಸಿಕೊಳ್ಳಬೇಕಾದವರು ಸಿಂಕ್ ಮುಂದೆ ನಿಂತಿದ್ದೆವು. ಆ ಫೌಂಟನ್ 1858ರದ್ದಂತೆ. ನಾನು ಕಾರಿನ ಕಿಟಕಿಯಿಂದ ನೋಡಿದ್ದು.

ಮೇಕನ್ ಆಚೆ
ಮನೆ, ಹೋಟೆಲು ಆಮೇಲೆ. ಮೊದಲು ಊರು ಮುಟ್ಟಬೇಕಲ್ಲ? ಅಟ್ಲಾಂಟಾದಿಂದ ಸುಮಾರು 250 ಮೈಲಿ. ಮೇಕನ್‌ವರೆಗೆ ಟ್ರಾಫಿಕ್, ಆಮೇಲೆ ಐ-16 ಹೆದ್ದಾರಿ. ಗೆರೆ ಎಳೆದ ಹಾಗೆ ನೇರ. ಎರಡೂ ಕಡೆ ಪೈನ್ ಮರ, ಮತ್ತೆ ಪೈನ್ ಮರ. ಹಿಂದೆ ಕೂತ ಮೂರು ಜನ ಗೊರಕೆ. ಲಿಮಿಟ್ ಗಂಟೆಗೆ 70 ಮೈಲಿ, ನನ್ನ ಕಾಲು ಯಾವಾಗ 87ಕ್ಕೆ ಹೋಯಿತೋ ಗೊತ್ತಿಲ್ಲ. ಪೊಲೀಸರ ದಂಡದ ಟಿಕೆಟ್ 325 ಡಾಲರ್. ಕಟ್ಟಿದೆ, ಮುಗಿಯಿತು ಅಂದುಕೊಂಡೆ. ಕೆಲವು ವಾರ ಬಿಟ್ಟು ರಾಜ್ಯದಿಂದ ಇನ್ನೊಂದು ಕಾಗದ, 'ಸೂಪರ್ ಸ್ಪೀಡರ್' ಅಂತೆ. ಜಾರ್ಜಿಯಾದಲ್ಲಿ ಯಾವ ರಸ್ತೆಯಲ್ಲೇ ಆಗಲಿ 85 ಮುಟ್ಟಿದರೆ ಇನ್ನೊಂದು 200. ಮೋಸದ ಕಾಗದ ಅಂತ ಹರಿದು ಹಾಕುವುದರಲ್ಲಿದ್ದೆ, ಹೆಂಡತಿ ತಡೆದಳು. ಆಮೇಲೆ ಇನ್ಶೂರೆನ್ಸ್ ಆರು ತಿಂಗಳಿಗೆ 214 ಏರಿತು. ಒಟ್ಟು 739. ಗೊರಕೆ ಹೊಡೆದವರು ಒಬ್ಬರೂ ಪಾಲು ಕೊಡಲಿಲ್ಲ.

ಜ್ವರದ ಅಮ್ಮ
@ಲೆಕ್ಕದ ಪುಸ್ತಕ, ಮಕ್ಕಳಿಗೆ ಗುರುವಾರ ಜ್ವರ ಬಂದು ಶನಿವಾರ ಇಳಿಯೋದಿಲ್ವಾ? ನಾನೂ ಹಾಗೆ ಕೊನೆ ಗಳಿಗೆಯಲ್ಲಿ ಬಿಟ್ಟವಳೇ. 103 ಡಿಗ್ರಿ ಇತ್ತು. ಗೆಳತಿಯರು ನದಿ ದಂಡೆಯ ಫೋಟೋ ಹಾಕಿದರು, ಒಬ್ಬಳಾದರೂ 'ಮಗು ಹೇಗಿದೆ' ಅಂತ ಕೇಳಲಿಲ್ಲ. ದುಡ್ಡು ಕೇಳೋಕೆ ಮಾತ್ರ ಮೂರು ಸಲ ಮೆಸೇಜ್ ಬಂತು.

ಲೆಕ್ಕದ ಪುಸ್ತಕ
ಮೆಸೇಜ್ ಮೂರು ಸಲ ಬಂತು ಅಂದರೆ ಮೂರು ಸಲವೂ ಕೊಟ್ಟಿಲ್ಲ ಅಂತ ಅರ್ಥ ಅಲ್ವಾ?

ಪುಳಿಯೋಗರೆ ಪಾರ್ಟಿ
ಜಗಳ ಬಿಡಿ. ಸಸ್ಯಾಹಾರಿಗಳಿಗೆ ಒಂದು ಮಾತು. ಆ ಕಡೆ 'ಸೊಪ್ಪು' ಅಂತ ತಟ್ಟೆಗೆ ಬರುತ್ತಲ್ಲ, ಕಾಲರ್ಡ್ ಗ್ರೀನ್ಸ್, ಅದನ್ನು ಸಾಮಾನ್ಯವಾಗಿ ಹಂದಿ ಮಾಂಸ ಹಾಕಿಯೇ ಬೇಯಿಸುತ್ತಾರೆ. ರೆಡ್ ರೈಸ್ ನೋಡೋಕೆ ನಮ್ಮ ಟೊಮೆಟೊ ಬಾತ್, ಒಳಗೆ ಸಾಸೇಜ್ ಚೂರು. ನಾನು ಎರಡು ತುತ್ತು ತಿಂದ ಮೇಲೆ ಗೊತ್ತಾಯಿತು. ಬಾತ್‌ರೂಮಿಗೆ ಓಡಿದೆ. ಅವತ್ತಿನಿಂದ ಮೂರು ಕಪ್‌ನ ಸಣ್ಣ ರೈಸ್ ಕುಕ್ಕರ್, ಅಮ್ಮನ ಗೊಜ್ಜು, ಒಂದು ಡಬ್ಬಿ ಕಡಲೆಕಾಯಿ ಬೀಜ. ಒಗ್ಗರಣೆ ಸಾಹಸ ಮಾತ್ರ ಬೇಡ. ಸಾಸಿವೆ ಸಿಡಿಯುವ ಮುಂಚೆ ಹೊಗೆ ಅಲಾರಂ ಹೊಡ್ಕೊಳ್ಳುತ್ತೆ, ರಾತ್ರಿ ಹನ್ನೊಂದಕ್ಕೆ ನೈಟಿಯಲ್ಲಿ ಪಾರ್ಕಿಂಗ್‌ನಲ್ಲಿ ನಿಂತಿದ್ದೇನೆ. ಲಿಯೋಪೋಲ್ಡ್ಸ್‌ನಲ್ಲಿ ಐಸ್‌ಕ್ರೀಮ್ ತಿನ್ನಿ, 1919ರ ಅಂಗಡಿ, ಕ್ಯೂ ಉದ್ದ ಇರುತ್ತೆ.

ಮೀನುಗಾರ್ತಿ
ಅಲ್ಲ ಮಾರಾಯ್ರೆ, ಅಷ್ಟು ದೂರ ಹೋಗಿ ಕೋಣೆ ಬಾಗಿಲು ಹಾಕಿಕೊಂಡು ಪುಳಿಯೋಗರೆಯಾ? ಶ್ರಿಂಪ್ ಆ್ಯಂಡ್ ಗ್ರಿಟ್ಸ್ ಅಂದರೆ ಜೋಳದ ನುಚ್ಚಿನ ಗಂಜಿ, ಮೇಲೆ ಎಟ್ಟಿ, ಅಂದರೆ ಸೀಗಡಿ. ನಮ್ಮ ಅಜ್ಜಿಗೆ ಕೊಟ್ಟಿದ್ದರೆ ಸ್ವಲ್ಪ ಖಾರ ಹಾಕಿ ಎರಡು ತಟ್ಟೆ ಊಟ ಮಾಡುತ್ತಿದ್ದರು.

ಪುಳಿಯೋಗರೆ ಪಾರ್ಟಿ
ನಿಮ್ಮ ಅಜ್ಜಿ ಸಸ್ಯಾಹಾರಿ ಆಗಿರಲಿಲ್ಲ ಅಷ್ಟೆ. ನಾವು ನಿಮ್ಮ ತಟ್ಟೆ ನೋಡಿ ನಗಲ್ಲ, ನೀವೂ ನಗಬೇಡಿ.

ಉಪ್ಪು ನೀರು
ಟೈಬೀ ಅಂದಿರಲ್ಲ, ಅಕ್ಟೋಬರ್ ಅಂದ ಕೂಡಲೇ ನನಗೆ ಎದೆ ಹೊಡೆದುಕೊಂಡಿತು. ದ್ವೀಪಕ್ಕೆ ಹೋಗೋಕೆ ಹೈವೇ 80 ಒಂದೇ ದಾರಿ, ಎರಡೂ ಕಡೆ ಜೌಗು. ಆ ತಿಂಗಳಲ್ಲಿ ಸಮುದ್ರದ ದೊಡ್ಡ ಉಬ್ಬರ ಬಂದರೆ ನೀರು ರಸ್ತೆ ಮೇಲೇ ಬರುತ್ತೆ. ನಾವು ಊರಲ್ಲಿ ಊಟಕ್ಕೆ ಟೇಬಲ್ ಹೇಳಿಟ್ಟಿದ್ದೆವು. ಬಣ್ಣಬಣ್ಣದ ಸೀರೆ ಉಟ್ಟು ನಾಲ್ಕು ಜನ ಕಾರಿನಲ್ಲಿ ಒಂದೂವರೆ ಗಂಟೆ ನೀರು ಇಳಿಯೋದನ್ನು ಕಾದೆವು. ಹೊರಡುವ ಮುಂಚೆ ಉಬ್ಬರದ ಸಮಯ ನೋಡಿ. ಪಾರ್ಕಿಂಗ್‌ಗೆ ಗಂಟೆ ಲೆಕ್ಕದಲ್ಲಿ ದುಡ್ಡು, ಕಣ್ಣಿಗೆ ಕಾಣದ ನೊರಜು ಬೇರೆ, ಕಾಲೆಲ್ಲ ಕಚ್ಚಿ ಹಾಕಿತು. ದೀಪಸ್ತಂಭಕ್ಕೆ 178 ಮೆಟ್ಟಿಲು, ನಾನು ಹತ್ತಿದೆ. ಮಂಡಿ ನೋವಿನವರು ಕೆಳಗೇ ಇರಲಿ. ನದಿ ದಂಡೆಯ ರಿವರ್ ಸ್ಟ್ರೀಟ್‌ಗೆ ಇಳಿಯುವ ಕಲ್ಲು ಮೆಟ್ಟಿಲಂತೂ ನಮ್ಮ ಬೆಟ್ಟದ ದೇವಸ್ಥಾನದ ಹಾಗೆ ಕಡಿದು, ಸಿಟಿ ಹಾಲ್ ಪಕ್ಕದ ಲಿಫ್ಟ್ ಹುಡುಕಿಕೊಳ್ಳಿ.

ನೀಲಿ ಸುಣ್ಣ
ಊಟ, ದುಡ್ಡು ಬಿಟ್ಟರೆ ಆ ಊರಲ್ಲಿ ಬೇರೇನೂ ಇಲ್ವಾ? ನಾವು ಓವೆನ್ಸ್-ಥಾಮಸ್ ಮನೆ ನೋಡಿದೆವು, 1819ರದ್ದು. ಮುಂದೆ ಅರಮನೆ, ಹಿಂದೆ ಗುಲಾಮರ ಕೋಣೆಗಳು. ಆ ಕೋಣೆಯ ಸೂರಿನಲ್ಲಿ ಮಾಸಿದ ನೀಲಿ ಬಣ್ಣ. ಇಂಡಿಗೊ, ಸುಣ್ಣ, ಮಜ್ಜಿಗೆ ಕಲಸಿ ಬಳಿಯುತ್ತಿದ್ದರಂತೆ, ದೆವ್ವ ಹತ್ತಿರ ಬರಬಾರದು ಅಂತ. ದೀಪಾವಳಿಗೆ ನಮ್ಮಜ್ಜ ಸುಣ್ಣದ ಬಕೆಟ್‌ಗೆ ನೀಲಿ ಸುರಿದು ಕೋಲಿನಲ್ಲಿ ತಿರುಗಿಸುತ್ತಿದ್ದರು, ಅದೇ ಬಣ್ಣ. ಕತ್ತು ಎತ್ತಿ ನಿಂತವಳು ಅಲ್ಲೇ ನಿಂತುಬಿಟ್ಟೆ. ಗೆಳತಿಯರಿಗೆ ಆ ರಾತ್ರಿ ಭೂತದ ಬಸ್ಸು ಬೇಕಿತ್ತು, ದೆವ್ವದ ಕಥೆ ಹೇಳುತ್ತಾ ಊರು ಸುತ್ತಿಸುವ ಬಸ್ಸು. ಇದೇ ಊರಿನ ರೇಸ್‌ಕೋರ್ಸ್‌ನಲ್ಲಿ 1859ರ ಮಾರ್ಚ್‌ನಲ್ಲಿ ಎರಡು ದಿನ 400ಕ್ಕೂ ಹೆಚ್ಚು ಜನರನ್ನು ಹರಾಜು ಹಾಕಿದರು. ಬೇರೆ ಭೂತ ಯಾಕೆ ಬೇಕು ಅಂದೆ. 'ರಜಕ್ಕೆ ಬಂದಿದ್ದೀವಿ ಕಣೇ, ಪಾಠ ಬೇಡ' ಅಂದರು. ನಾನು ರೂಮಿನಲ್ಲೇ ಉಳಿದೆ.

ಕಪ್ಪು ಬಸ್ಸು
ಮೇಡಂ, ಆ ಬಸ್ಸಿನಲ್ಲಿ ಹೋದವಳು ನಾನು (ನಿಮ್ಮ ಗುಂಪಿನವಳಲ್ಲ). ಚೆನ್ನಾಗಿ ನಕ್ಕೆವು. ಎಂಟು ವರ್ಷದ ಮೇಲೆ ಸಿಕ್ಕಿದ ಎರಡು ದಿನ ಅದು. ನಕ್ಕರೆ ತಪ್ಪಾ? ಜಾರ್ಜಿಯಾ ಕಾಲೊನಿ ಕಟ್ಟಿದ ಒಗ್ಲೆಥಾರ್ಪ್ ಮೊದಲು ಗುಲಾಮಗಿರಿಯನ್ನೇ ಬೇಡ ಅಂದಿದ್ದ, ಅದನ್ನೂ ಹೇಳಿ.

ನೀಲಿ ಸುಣ್ಣ
1733ರಲ್ಲಿ ಊರು ಕಟ್ಟಿದರು, 1751ಕ್ಕೆ ಆ ನಿಷೇಧ ಹೋಯಿತು. ಇದನ್ನೂ ಬಸ್ಸಿನಲ್ಲಿ ಹೇಳಿದರಾ?

ಕಪ್ಪು ಬಸ್ಸು
ಇಂಥವರ ಜೊತೆ ಟ್ರಿಪ್ ಹೋಗಬೇಡಿ. ಇದೇ ನನ್ನ ಸಲಹೆ.

ಕಿಟಕಿ ಬದಿ
ಹೋಟೆಲ್ ಬಗ್ಗೆ ಯಾರೂ ಹೇಳಲಿಲ್ಲ ಅಂತ ಹೇಳುತ್ತಿದ್ದೇನೆ. ಎರಡು ರೂಮ್, ಒಂದಕ್ಕೆ ರಾತ್ರಿಗೆ 219. 'ನದಿ ಕಾಣುವ ರೂಮ್' ಅಂತ 30 ಜಾಸ್ತಿ ಕೊಟ್ಟೆ. ತಲೆ ಹೊರಗೆ ಹಾಕಿ ಎಡಕ್ಕೆ ಬಗ್ಗಿದರೆ ಒಂದು ಗೇಣು ನದಿ. ಕಾರು ನಿಲ್ಲಿಸಲು ರಾತ್ರಿಗೆ 45. ಆದರೂ ನಾನು ಮತ್ತೆ ಹೋಟೆಲ್ಲೇ ಮಾಡುತ್ತೇನೆ. ಬಾಗಿಲಿಂದ ಹೊರಗೆ ಬಂದರೆ ಚೌಕಗಳು, ಅಂದರೆ ಪುಟ್ಟ ಪಾರ್ಕುಗಳು. 24ರಲ್ಲಿ 22 ಉಳಿದಿವೆ, ಹದಿನೇಳು ನಡೆದೇ ಮುಗಿಸಿದೆವು. ಓಕ್ ಮರದಿಂದ ಇಳಿಬಿದ್ದ ಪಾಚಿಯಂಥ ಎಳೆ, ಜಡೆ ಬಿಚ್ಚಿದ ಹಾಗೆ. ಕಾರು ಮುಟ್ಟಲೇ ಇಲ್ಲ, ಆ 90 ಸುಮ್ನೆ ಹೋಯಿತು. ಊರೊಳಗೆ ಓಡುವ ಬಸ್ಸೂ, ನದಿ ದಾಟುವ ದೋಣಿಯೂ ಬಿಟ್ಟಿ.

ಮೇಕನ್ ಆಚೆ
ನಿಮಗೆ 90 ದೊಡ್ಡದಾ? ನಂದು 739.

ಮೀನುಗಾರ್ತಿ
@ಪುಳಿಯೋಗರೆ ಪಾರ್ಟಿ, ನಗಲಿಲ್ಲ ಅಕ್ಕ, ಬೇಜಾರು ಮಾಡ್ಕೋಬೇಡಿ. ಅದು ಯಾವ ಕುಕ್ಕರ್?

ಹಾಸನದ ಹುಡುಗಿ
ಎಲ್ಲರಿಗೂ ಥ್ಯಾಂಕ್ಸ್. ಊರೊಳಗೆ ಮನೆ ಬುಕ್ ಮಾಡಿಯಾಗಿದೆ, ಕೇಳೋಕೆ ಸ್ವಲ್ಪ ತಡ ಮಾಡಿದೆ ಅನ್ನಿಸುತ್ತೆ. ಇವತ್ತು ಸಂಜೆ ಮಂಡಿ ನೋವಿನವಳು ಫೋನ್ ಮಾಡಿದ್ದಳು. ಬರೋದು ಡೌಟು ಅಂದಳು.

ಲೆಕ್ಕದ ಪುಸ್ತಕ
ಅವಳ ಪಾಲು ಈಗಲೇ ತಗೊಳ್ಳಿ. ಇವತ್ತೇ.