ವಿದ್ಯಾರ್ಥಿಗಳ ತೀರ ಸಮೀಕ್ಷೆಯ ಅಂಕಿಗಳು ಸಂಶೋಧನೆಗೂ ಒದಗಬೇಕಾದರೆ?

ಹೊಸ_ಅಧ್ಯಾಪಕಿ
ಕಡಲ ಪರಿಸರ ವಿಜ್ಞಾನದ ಪಾಠಕ್ಕೆ ಹೊಸಬಳು. ತರಗತಿಗಳೇ ತುಂಬಿರುವುದರಿಂದ ಸಂಶೋಧನೆಗೆ ಬಿಡುವು ಕಡಿಮೆ. ಹಾಗಾಗಿ ವರ್ಷಕ್ಕೊಮ್ಮೆ ಬಂಡೆ ತೀರದಲ್ಲಿ ನಡೆಸುವ ಪ್ರಾಯೋಗಿಕವನ್ನೇ ಸಂಶೋಧನೆಗೂ ಬಳಸುವ ಯೋಚನೆ. ಈಗ 30 ವಿದ್ಯಾರ್ಥಿಗಳ ಆರು ಗುಂಪುಗಳಿವೆ. ಮೇಲಿನ, ನಡುವಿನ, ಕೆಳಗಿನ ಮಟ್ಟಕ್ಕೆ ಎರಡೆರಡು ಗುಂಪು, ಪ್ರತಿ ಗುಂಪಿಗೆ 5 ಕ್ವಾಡ್ರಾಟ್ (ಬಂಡೆಯ ಮೇಲಿಟ್ಟು ಒಳಗಿನ ಜೀವಿಗಳನ್ನು ಎಣಿಸುವ ಚೌಕಟ್ಟು). ಬಾರ್ನಕಲ್ (ಬಂಡೆಗೆ ಅಂಟಿ ಬದುಕುವ ಚಿಪ್ಪಿನ ಜೀವಿ), ಲಿಂಪೆಟ್ (ಬಂಡೆ ಕಚ್ಚಿಕೊಂಡಿರುವ ಬಸವನಹುಳುವಿನ ಬಗೆ), ಪಾಚಿ ದಾಖಲಿಸುತ್ತಾರೆ. ಏನು ಬದಲಿಸಬೇಕು?

ಏಡಿ_ಮೇಷ್ಟ್ರು
ಮೇಡಂ, ಮೊದಲು ಗುಂಪಿಗೊಂದು ಮಟ್ಟ ಹಂಚುವುದನ್ನು ಬಿಡಿ. ಕೆಳಮಟ್ಟದ ಗುಂಪು ಲಿಂಪೆಟ್ ಹುಡುಕುವುದರಲ್ಲಿ ಚುರುಕಾಗಿದ್ದರೆ, ಕಂಡ ವ್ಯತ್ಯಾಸ ಮಟ್ಟದ್ದೋ ಎಣಿಸಿದವರದ್ದೋ ಎಂದು ಆಮೇಲೆ ಯಾವ ಸಂಖ್ಯಾಶಾಸ್ತ್ರವೂ ಬಿಡಿಸಿಕೊಡದು. ಆರೂ ಗುಂಪುಗಳು ಮೂರೂ ಮಟ್ಟದಲ್ಲಿ ಎರಡೆರಡು ಕ್ವಾಡ್ರಾಟ್ ಮಾಡಲಿ. ಒಟ್ಟು 36 ಆಗುತ್ತದೆ, ಗುಂಪಿನ ಪರಿಣಾಮವನ್ನೂ ಬೇರೆಯಾಗಿ ಅಳೆಯಬಹುದು.

ಇಳಿತದ ತುದಿಗೆ ಸುಮಾರು ಎರಡು ಗಂಟೆ ಮುಂಚೆ ಮೇಲಿನ ಮಟ್ಟದಲ್ಲಿ ಶುರುಮಾಡಿ, ನೀರಿನ ಹಿಂದೆಯೇ ಕೆಳಗಿಳಿಯಿರಿ. ದಿನಕ್ಕೆರಡು ಉಬ್ಬರವಿರುವ ತೀರದಲ್ಲಿ ಇಳಿತದ ತುದಿಯ ಆಚೆ ಈಚೆ ಒಂದೊಂದು ಗಂಟೆಯಲ್ಲಿ ನೀರು ಒಟ್ಟು ಏರಿಳಿತದ ಹನ್ನೆರಡನೇ ಒಂದು ಭಾಗದಷ್ಟೇ ಸರಿಯುತ್ತದೆ. ಕೆಳಮಟ್ಟಕ್ಕೆ ಆ ಹೊತ್ತು ಮೀಸಲಿರಲಿ. ಮೂರನೇ ಗಂಟೆಯಿಂದ ನೀರು ವೇಗವಾಗಿ ಏರುತ್ತದೆ, ಅಷ್ಟರೊಳಗೆ ಎಲ್ಲರೂ ಮೇಲಿರಬೇಕು.

36 ಕ್ವಾಡ್ರಾಟ್ ಇದ್ದರೂ ತೀರ ಒಂದೇ ಎಂಬುದು ನೆನಪಿರಲಿ. ಅಲೆಯ ಹೊಡೆತ ಹೆಚ್ಚಿರುವ ತೀರಕ್ಕೂ ಕಡಿಮೆ ಇರುವ ತೀರಕ್ಕೂ ಹೋಲಿಕೆ ಮಾಡುವುದಾದರೆ ಪುನರಾವರ್ತನೆಯಾಗಬೇಕಾದ್ದು ತೀರ, ಕ್ವಾಡ್ರಾಟ್ ಅಲ್ಲ, ಅಂದರೆ ಎರಡೂ ಬಗೆಯ ಹಲವು ತೀರಗಳು ಬೇಕು. ಪರಿಸರ ವಿಜ್ಞಾನಿ ಹರ್ಲ್‌ಬರ್ಟ್ 1984ರಲ್ಲೇ ಇದನ್ನು ಹುಸಿ ಪುನರಾವರ್ತನೆ ಎಂದು ಗುರುತಿಸಿದ್ದರು. ಇಂದಿಗೂ ವಿಮರ್ಶಕರು ಪ್ರಬಂಧ ತಿರಸ್ಕರಿಸಲು ಇದು ಸಾಕು. ವರ್ಷಕ್ಕೊಂದು ತೀರ ಬದಲಿಸಿದರೆ ಇನ್ನೂ ಕೆಟ್ಟದ್ದು, ವರ್ಷ ಮತ್ತು ತೀರ ಎರಡೂ ಕಲಸಿಹೋಗುತ್ತವೆ.

ದಾರದ_ಚೌಕಟ್ಟು
ಚೌಕಟ್ಟಿನ ಬಗ್ಗೆ. 50 ಸೆಂ.ಮೀ. ಚೌಕಕ್ಕೆ 5 ಸೆಂ.ಮೀ. ಅಂತರದಲ್ಲಿ ದಾರ ಕಟ್ಟಿ 100 ಬಿಂದು ಎಂದುಕೊಳ್ಳುವವರಿದ್ದಾರೆ. ಹಾಗೆ ಸಿಗುವುದು 100 ಮನೆ, ದಾರ ಕೂಡುವ ಬಿಂದುಗಳು 81 ಮಾತ್ರ. 100 ಬೇಕಾದರೆ ಎರಡೂ ಕಡೆ ಹತ್ತು ಹತ್ತು ದಾರ ಬೇಕು. ಕಣ್ಣಂದಾಜಿನ ಶೇಕಡಾವಾರಿಗಿಂತ ಬಿಂದು ಎಣಿಕೆಯಲ್ಲಿ ಗುಂಪಿನಿಂದ ಗುಂಪಿಗೆ ವ್ಯತ್ಯಾಸ ಕಡಿಮೆ. ಆದರೆ ನೇರ ಮೇಲಿನಿಂದಲೇ ನೋಡಬೇಕು, ಓರೆಯಾಗಿ ಬಗ್ಗಿದರೆ ಬಿಂದು ಪಕ್ಕದ ಜೀವಿಯ ಮೇಲೆ ಬೀಳುತ್ತದೆ.

100ರಲ್ಲಿ ಒಂದು ಪಾಲಷ್ಟೇ ಹರಡಿರುವ ಪ್ರಭೇದ 100 ಬಿಂದುಗಳಲ್ಲಿ ಒಂದಕ್ಕೂ ಸಿಗದೇ ಹೋಗುವ ಸಾಧ್ಯತೆ ಸುಮಾರು ಶೇ. 37. ಆದ್ದರಿಂದ ಬಿಂದುವಿಗೆ ಸಿಗದೆ ಚೌಕದೊಳಗೆ ಕಂಡದ್ದಕ್ಕೆ ‘ಇದೆ’ ಎಂಬ ಬೇರೆ ಕಾಲಂ ಇಡಿ. ದೊಡ್ಡ ಪಾಚಿಯಿದ್ದರೆ ಮೊದಲು ಅದರ ಹೊದಿಕೆ ಬರೆದು, ಎತ್ತಿ ಸರಿಸಿ, ಅಡಿಯದನ್ನು ಬರೆಯಿರಿ. ಮೊತ್ತ 100 ದಾಟುವುದು ಸಹಜ, ಅದನ್ನು ‘ಸರಿಪಡಿಸಲು’ ವಿದ್ಯಾರ್ಥಿಗಳನ್ನು ಬಿಡಬೇಡಿ.

ಬಾರ್ನಕಲ್ಲನ್ನು ಇಡೀ ಚೌಕದಲ್ಲಿ ಎಣಿಸಹೊರಟರೆ ಉಬ್ಬರ ಬಂದೀತು. ಮೂಲೆಯ 10 ಸೆಂ.ಮೀ. ಚೌಕ ಸಾಕು, ಯಾವ ಮೂಲೆ ಎಂಬುದು ಮೊದಲೇ ಗೊತ್ತಾಗಿರಲಿ. ಅಂಚಿನ ಮೇಲಿರುವವನ್ನು ಮೇಲಿನ ಹಾಗೂ ಎಡ ಅಂಚಿನಲ್ಲಿ ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಇನ್ನು, ಚೌಕಟ್ಟನ್ನು ಬೀಸಿ ಎಸೆಯುವುದು ಯಾದೃಚ್ಛಿಕವಲ್ಲ. ಅಳತೆ ಟೇಪ್ ಹಾಸಿ, ಮುಂಚೆಯೇ ತೆಗೆದ ಯಾದೃಚ್ಛಿಕ ಸಂಖ್ಯೆಗಳಿಗೆ ಇಡಿ.

ಲೆಕ್ಕಾಚಾರ
ನನ್ನದು ಸ್ವಲ್ಪ ಭಿನ್ನ ಅಭಿಪ್ರಾಯ. ಮೊದಲ ಎರಡು ಮೂರು ವರ್ಷ ಈ ಅಂಕಿಗಳಿಂದ ಪ್ರಬಂಧ ನಿರೀಕ್ಷಿಸಬೇಡಿ, ಅನುದಾನದ ಅರ್ಜಿಗೆ ಬಳಸಿ. ವ್ಯತ್ಯಯದ ಅಂದಾಜು ಕೈಯಲ್ಲಿದ್ದರೆ ಎಷ್ಟು ಮಾದರಿ ಬೇಕೆಂದು ಸಮರ್ಥಿಸಬಹುದು. ಉದಾಹರಣೆಗೆ ಮಾನಕ ವಿಚಲನೆ (ಎಣಿಕೆಗಳು ಸರಾಸರಿಯಿಂದ ಚದುರಿರುವ ಪ್ರಮಾಣ) ಸರಾಸರಿಯಷ್ಟೇ ಇದ್ದು (ಗುಂಪುಗುಂಪಾಗಿ ಬದುಕುವ ಜೀವಿಗಳಲ್ಲಿ ಇದೇನೂ ಅಪರೂಪವಲ್ಲ), ಮಾನಕ ದೋಷ (ಸರಾಸರಿಯ ಅಂದಾಜಿನಲ್ಲಿರುವ ಅನಿಶ್ಚಿತತೆ) ಸರಾಸರಿಯ ಶೇ. 20ರೊಳಗೆ ಬೇಕೆಂದರೆ 25 ಕ್ವಾಡ್ರಾಟ್ ಬೇಕು. ಶೇ. 10 ಬೇಕೆಂದರೆ 100.

ಪ್ರತಿ ಗುಂಪಿನ ಒಂದು ಕ್ವಾಡ್ರಾಟನ್ನು ನೀವೇ ಮತ್ತೆ ಎಣಿಸಿ, ಎರಡನ್ನೂ ಉಳಿಸಿಡಿ. ದತ್ತಾಂಶ ಪ್ರಕಟಿಸುವಾಗ ಎಣಿಕೆಯ ದೋಷ ಎಷ್ಟೆಂದು ತೋರಿಸಲು ಬೇರೆ ಆಧಾರ ಇರುವುದಿಲ್ಲ. ಪ್ರಭೇದ ಖಚಿತವಿಲ್ಲದಿದ್ದರೆ ಕುಲದ ಹೆಸರಿಗೇ ನಿಲ್ಲಿಸಿ, ಚಿತ್ರ ತೆಗೆದಿಡಿ. ಹೆಸರುಗಳನ್ನು ವೋರ್ಮ್ಸ್ (ಕಡಲ ಜೀವಿಗಳ ಹೆಸರುಗಳ ಜಾಗತಿಕ ದಾಖಲೆ) ಪಟ್ಟಿಯೊಂದಿಗೆ ಹೊಂದಿಸಿ ಅದರ ಗುರುತು ಸಂಖ್ಯೆಯನ್ನೂ ದಾಖಲಿಸಿ, ಹೆಸರು ಬದಲಾದರೂ ಜಾಡು ಸಿಗುತ್ತದೆ. ವಿದ್ಯಾರ್ಥಿಗಳ ಒಪ್ಪಿಗೆ ಮೊದಲೇ ಬರಹದಲ್ಲಿ ಪಡೆಯಿರಿ. ಒಪ್ಪದವರ ಅಂಕಕ್ಕೆ ಅದರಿಂದ ಏನೂ ಆಗಬಾರದು.

ಹೊಸ_ಅಧ್ಯಾಪಕಿ
ಎಲ್ಲರಿಗೂ ಧನ್ಯವಾದ. ಇನ್ನೊಂದು ಪ್ರಶ್ನೆ: ಕೋಷ್ಟಕದ ಪ್ರಕಾರ ತೆರೆಯಬೇಕಾದ ಕೆಳಮಟ್ಟ ಆ ದಿನ ನೀರಿನಲ್ಲೇ ಉಳಿದರೆ?

ಏಡಿ_ಮೇಷ್ಟ್ರು
ಉಬ್ಬರವಿಳಿತದ ಕೋಷ್ಟಕ ಸಾಮಾನ್ಯ ವಾಯುಭಾರವನ್ನು ಊಹಿಸಿಕೊಂಡಿರುತ್ತದೆ. ವಾಯುಭಾರ 1 ಹೆಕ್ಟೋಪಾಸ್ಕಲ್ ಇಳಿದರೆ ನೀರು ಸುಮಾರು 1 ಸೆಂ.ಮೀ. ಏರುತ್ತದೆ. ದಡದತ್ತ ಗಾಳಿ ಬೀಸಿದರೆ ಇನ್ನಷ್ಟು. ಹಾಗೆಂದು ಆ ದಿನದ ನೀರಂಚನ್ನೇ ಕೆಳಮಟ್ಟ ಎಂದುಕೊಂಡು ಮೇಲೆ ಸರಿಯಬೇಡಿ, ಹಿಂದಿನ ವರ್ಷಗಳೊಂದಿಗೆ ಹೋಲಿಕೆ ತಪ್ಪುತ್ತದೆ. ಮಟ್ಟಗಳನ್ನು ಸಮುದ್ರ ನಕ್ಷೆಯ ಮೂಲಮಟ್ಟದಿಂದ (ನಕ್ಷೆಯ ಆಳಗಳಿಗೆ ಆಧಾರವಾದ ಸ್ಥಿರ ಮಟ್ಟ) ಅಳೆದು, ಅನುಮತಿ ಸಿಕ್ಕರೆ ಬಂಡೆಗೆ ತುಕ್ಕು ಹಿಡಿಯದ ಬೋಲ್ಟ್ ಹಾಕಿಸಿ. ಆ ವರ್ಷ ಕೆಳಮಟ್ಟ ಬಿಟ್ಟುಬಿಡಿ. ಹಾಳೆಯಲ್ಲಿ ‘ಮಾಡಿಲ್ಲ’ ಎಂದು ಬರೆಸಿ, ಸೊನ್ನೆ ಹಾಕಿಸಬೇಡಿ.