ಪೂರ್ವದ 60 ಗೆಲುವು, ಪಶ್ಚಿಮದ 50 ಗೆಲುವು: ಎಂವಿಪಿ ವಾದದಲ್ಲಿ ತೂಗುವುದು ಹೇಗೆ?

ದಾವಣಗೆರೆಯಿಂದ ಪ್ರಶ್ನೆ

ನಾನೂ ನನ್ನ ಅಕ್ಕನ ಮಗನೂ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಪಂದ್ಯಗಳನ್ನು ಒಟ್ಟಿಗೆ ನೋಡುತ್ತೇವೆ. ಅದರ ತಂಡಗಳು ಪೂರ್ವ, ಪಶ್ಚಿಮ ಎಂಬ ಎರಡು ಗುಂಪುಗಳಲ್ಲಿ, ಎಂದರೆ ಕಾನ್ಫರೆನ್ಸ್‌ಗಳಲ್ಲಿ ಇರುತ್ತವೆ. 2024-25ರಲ್ಲಿ ಪೂರ್ವ ಕಾನ್ಫರೆನ್ಸ್‌ನ ಕ್ಲೀವ್‌ಲ್ಯಾಂಡ್ 64 ಪಂದ್ಯ ಗೆದ್ದಿತು, ಪಶ್ಚಿಮದ ಡೆನ್ವರ್ 50 ಗೆದ್ದಿತು. "ಡೆನ್ವರ್ ಪೂರ್ವದಲ್ಲಿ ಇದ್ದಿದ್ದರೆ ಸಲೀಸಾಗಿ 60 ಗೆಲ್ಲುತ್ತಿತ್ತು, ಆಗ ಎಂವಿಪಿ (ವರ್ಷದ ಅತ್ಯಮೂಲ್ಯ ಆಟಗಾರ ಪ್ರಶಸ್ತಿ) ಅದರ ಆಟಗಾರ ಯೋಕಿಚ್‌ಗೇ ಬರುತ್ತಿತ್ತು" ಎಂಬುದು ಅವನ ಹಟ. ಕಾಲೇಜಿನ ಚರ್ಚಾ ಸ್ಪರ್ಧೆಯಲ್ಲಿ ಇದನ್ನೇ ಮಾತಾಡುತ್ತಾನಂತೆ. ಕಾನ್ಫರೆನ್ಸ್‌ನ ಬಲಾಬಲವನ್ನು ನೀವೆಲ್ಲ ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತೀರಿ? ವರ್ಷಗಟ್ಟಲೆ ನೋಡಿದವರು ದಯವಿಟ್ಟು ತಿಳಿಸಿ.

ಬೆಂಗಳೂರಿನಿಂದ

ನಾನು 2007ರಿಂದ ನೋಡುತ್ತಿದ್ದೇನೆ, ಒಂದು ನೋಟುಪುಸ್ತಕದಲ್ಲಿ ಪ್ರತಿ ತಂಡದ ಗೆಲುವನ್ನು ಎರಡು ಕಾಲಂ ಮಾಡಿ ಬರೆದಿಡುತ್ತೇನೆ: ತನ್ನ ಕಾನ್ಫರೆನ್ಸ್‌ನವರ ಎದುರು ಎಷ್ಟು, ಆಚೆಯವರ ಎದುರು ಎಷ್ಟು. ನಿಮ್ಮ ಅಳಿಯನಿಗೆ ಮೊದಲು ಈ ಎರಡು ಕಾಲಂ ತೋರಿಸಿ.

ಒಂದು ತಂಡ ಲೀಗ್ ಹಂತದಲ್ಲಿ ಆಡುವುದು 82 ಪಂದ್ಯ. ಅದರಲ್ಲಿ 52 ತನ್ನ ಕಾನ್ಫರೆನ್ಸ್‌ನ ಹದಿನಾಲ್ಕು ತಂಡಗಳ ಎದುರು, 30 ಆಚೆಯ ಹದಿನೈದು ತಂಡಗಳ ಎದುರು, ಒಬ್ಬೊಬ್ಬರೊಂದಿಗೆ ಎರಡೆರಡು. ಎಂದರೆ ಪಶ್ಚಿಮದ ತಂಡವನ್ನು ಎತ್ತಿ ಪೂರ್ವದಲ್ಲಿ ಇಟ್ಟರೂ ಎದುರಾಳಿಗಳು ಬದಲಾಗುವುದು ಸುಮಾರು 22 ಪಂದ್ಯಗಳಲ್ಲಿ ಮಾತ್ರ. ಇಡೀ ವಾದ ನಿಂತಿರುವುದು ಈ 22ರ ಮೇಲೆ.

2013-14 ನೆನಪಿರಬಹುದು, ಪಶ್ಚಿಮದ ಅಬ್ಬರದ ವರ್ಷ. ಎರಡೂ ಕಡೆಯವರು ಎದುರಾದ 450 ಪಂದ್ಯಗಳಲ್ಲಿ ಪಶ್ಚಿಮ 284 ಗೆದ್ದಿತು, ನೂರಕ್ಕೆ 63. ಸರಾಸರಿ ತೆಗೆದರೆ ಪಶ್ಚಿಮದ ತಂಡಕ್ಕೆ ಸುಮಾರು 45 ಗೆಲುವು, ಪೂರ್ವದ ತಂಡಕ್ಕೆ 37. ಅಂಕಪಟ್ಟಿ ನೋಡಿದವರಿಗೆ ಎಂಟು ಗೆಲುವಿನ ಅಂತರ ಕಣ್ಣಿಗೆ ಹೊಡೆಯುತ್ತದೆ. ಆದರೆ ಅದೇ ಸರಾಸರಿ ಪಶ್ಚಿಮ ತಂಡವನ್ನು ಪೂರ್ವಕ್ಕೆ ಸಾಗಿಸಿ ಲೆಕ್ಕ ಹಾಕಿ. 45 ಇದ್ದದ್ದು 48 ಆಗುತ್ತದೆ. ಮೂರೇ ಮೂರು ಗೆಲುವು! ಅಷ್ಟು ಏರುಪೇರಾದ ವರ್ಷದಲ್ಲೇ ಮೂರು ಎಂದಾದರೆ, 50 ಗೆದ್ದ ತಂಡ 60ಕ್ಕೆ ಏರುತ್ತಿತ್ತು ಎನ್ನುವುದಕ್ಕೆ ಆಧಾರ ಎಲ್ಲಿದೆ?

ಸರಾಸರಿ ತಂಡದ ಮಾತು ಬೇಡ, ದೊಡ್ಡ ತಂಡವನ್ನೇ ನೋಡೋಣ ಎಂದರೆ 2024-25ರ ಓಕ್ಲಹೋಮ ಸಿಟಿಯನ್ನೇ ತೆಗೆದುಕೊಳ್ಳಿ. 68 ಗೆಲುವು, 14 ಸೋಲು. ಪೂರ್ವದವರ ಎದುರು 29-1. ಆ ಒಂದು ಸೋಲು ಜನವರಿ 8ರಂದು ಕ್ಲೀವ್‌ಲ್ಯಾಂಡ್‌ನಲ್ಲಿ. ಪಶ್ಚಿಮದವರ ಎದುರು 39-13. ಇದನ್ನು ತಿರುವುಮುರುವು ಮಾಡಿ, ಪೂರ್ವದವರೊಂದಿಗೆ 52, ಪಶ್ಚಿಮದವರೊಂದಿಗೆ 30 ಆಡಿಸಿದರೆ 73ರ ಹತ್ತಿರ ನಿಲ್ಲುತ್ತದೆ. ಎರಡು ಕಾಲಂಗಳ ನಡುವೆ ಅಷ್ಟು ಅಂತರವಿದ್ದ ತಂಡಕ್ಕೂ ಸಿಗುವುದು ಐದು.

ಕಾನ್ಫರೆನ್ಸ್ ಹೆಸರು ಹಿಡಿದು ಒಂದು ತಂಡವನ್ನು ಅಳೆದು ನಾನೇ ಮೋಸಹೋದದ್ದು 2007-08ರಲ್ಲಿ. ತಾರಾ ಆಟಗಾರ ಗಾರ್ನೆಟ್ ಪಶ್ಚಿಮದ ಮಿನ್ನೆಸೋಟ ಬಿಟ್ಟು ಪೂರ್ವದ ಬಾಸ್ಟನ್‌ಗೆ ಬಂದ ವರ್ಷ ಅದು. ಬಾಸ್ಟನ್ 66 ಗೆದ್ದಾಗ, "ಬಡಕಲು ಪೂರ್ವದಲ್ಲಿ ಯಾರು ಬೇಕಾದರೂ ಗೆಲ್ಲುತ್ತಾರೆ" ಎಂದು ಗೆಳೆಯರ ಮುಂದೆ ಗಟ್ಟಿಯಾಗಿ ಹೇಳಿದ್ದೆ. ಪೂರ್ವ ಬಡವಾಗಿದ್ದದ್ದು ನಿಜ, 37 ಪಂದ್ಯ ಗೆದ್ದ ಅಟ್ಲಾಂಟಕ್ಕೆ ಅಲ್ಲಿ ಎಂಟನೇ ಸ್ಥಾನ ಸಿಕ್ಕಿತ್ತು. ಆದರೆ ಬಾಸ್ಟನ್ ಪೂರ್ವದವರ ಎದುರು 41-11, ಪಶ್ಚಿಮದವರ ಎದುರು 25-5! ಬಲಿಷ್ಠರ ಎದುರೇ ಹೆಚ್ಚು ಚೆನ್ನಾಗಿ ಆಡಿತ್ತು. ಆ ಮಾರ್ಚ್‌ನಲ್ಲಿ ಟೆಕ್ಸಸ್‌ಗೆ ಹೋಗಿ ಸ್ಯಾನ್ ಆಂಟೋನಿಯೊ, ಹ್ಯೂಸ್ಟನ್, ಡಲ್ಲಾಸ್ ಮೂರನ್ನೂ ನಾಲ್ಕು ದಿನಗಳಲ್ಲಿ ಮಣಿಸಿತು, ಹ್ಯೂಸ್ಟನ್‌ನ ಸತತ 22 ಗೆಲುವಿನ ಓಟ ಮುರಿದದ್ದೂ ಆಗಲೇ. ಎಂವಿಪಿ ಪಶ್ಚಿಮದ ಕೋಬಿ ಬ್ರಯಂಟ್‌ಗೆ ಹೋಯಿತು, ಪಶ್ಚಿಮದವರೇ ಆದ ಕ್ರಿಸ್ ಪಾಲ್ ಎರಡನೆಯವರು, ಗಾರ್ನೆಟ್ ಮೂರನೆಯವರು. ಕೋಬಿಗೆ ಕೊಟ್ಟದ್ದರಲ್ಲಿ ತಪ್ಪಿಲ್ಲ. ಆದರೆ ಗಾರ್ನೆಟ್‌ರನ್ನು "ಪೂರ್ವದವರು" ಎಂಬ ಒಂದೇ ಕಾರಣಕ್ಕೆ ನಾನು ಕೆಳಗಿಟ್ಟದ್ದು ಇವತ್ತಿಗೂ ಚುಚ್ಚುತ್ತದೆ. ಎರಡು ಕಾಲಂ ಬರೆಯುವ ಅಭ್ಯಾಸ ಹಿಡಿದದ್ದು ಆ ಮೇಲೆ.

ಇನ್ನೊಂದು ಮಾತು. ಚಳಿಗಾಲದಲ್ಲಿ ಪೂರ್ವದ ಊರುಗಳ ಪಂದ್ಯ ನಮಗೆ ಬೆಳಗಿನ ಐದೂವರೆಗೆ ಶುರುವಾಗುತ್ತದೆ, ಕಾಫಿ ಇಳಿಯುವ ಹೊತ್ತಿಗೆ ಎರಡನೇ ಕ್ವಾರ್ಟರ್. ಲಾಸ್ ಏಂಜಲೀಸ್ ಕಡೆಯದು ಎಂಟೂವರೆ, ಒಂಬತ್ತಕ್ಕೆ, ಆಗ ನಾನು ಕಚೇರಿಯ ಬಸ್ಸಿನಲ್ಲಿರುತ್ತೇನೆ. ಕಣ್ಣಾರೆ ಕಂಡವರ ಪರ ಮನಸ್ಸು ವಾಲುತ್ತದೆ. ನಿಮ್ಮ ಮನೆಯಲ್ಲಿ ಯಾವ ಪಂದ್ಯಗಳನ್ನು ಹೆಚ್ಚು ನೋಡುತ್ತೀರಿ ಎಂಬುದನ್ನೂ ಒಮ್ಮೆ ಗಮನಿಸಿ.

ಡಲ್ಲಾಸ್‌ನಿಂದ

ಮೇಲಿನವರ ಲೆಕ್ಕ ಸರಿ. ಆದರೆ ಆ ಮೂರು ಗೆಲುವು ಯಾರ ಹೊಟ್ಟೆಯ ಮೇಲೆ ಹೊಡೆಯುತ್ತದೆ ಎಂಬುದನ್ನು ಇಲ್ಲಿದ್ದು ಅನುಭವಿಸಿದವನು ನಾನು. ಪಟ್ಟಿಯ ಮೇಲ್ಭಾಗದಲ್ಲಿ ಅದು ಏನೂ ಅಲ್ಲ, ಎಂಟು-ಒಂಬತ್ತನೇ ಸ್ಥಾನದಲ್ಲಿ ಆಗ ಅದೇ ಸರ್ವಸ್ವವಾಗಿತ್ತು: ಲೀಗ್ ಹಂತದ ನಂತರ ಚಾಂಪಿಯನ್ ಪಟ್ಟಕ್ಕೆ ನಡೆಯುವ ಪ್ಲೇಆಫ್‌ಗೆ ಪ್ರತಿ ಕಾನ್ಫರೆನ್ಸ್‌ನ ಮೊದಲ ಎಂಟು ತಂಡಗಳು ಮಾತ್ರ ಹೋಗುತ್ತಿದ್ದವು.

ಅದೇ 2013-14ರಲ್ಲಿ ನಮ್ಮ ಡಲ್ಲಾಸ್ 49 ಗೆದ್ದು ಎಂಟನೇ ಸ್ಥಾನಕ್ಕೆ ಹೇಗೋ ತೂರಿಕೊಂಡಿತು. 48 ಗೆದ್ದ ಫೀನಿಕ್ಸ್ ಮನೆಗೆ ಹೋಯಿತು. ಪೂರ್ವದಲ್ಲಿ 38 ಗೆದ್ದು 44 ಸೋತ ಅಟ್ಲಾಂಟ ಪ್ಲೇಆಫ್ ಆಡಿತು. ಫೀನಿಕ್ಸ್‌ನ ಹುಡುಗರಿಗೆ ಆದದ್ದು ಅನ್ಯಾಯ ಎಂದು ಎದುರಾಳಿ ತಂಡದ ಅಭಿಮಾನಿಯಾದ ನನಗೇ ಅನಿಸಿತ್ತು.

ನಮಗೆ ಸಿಕ್ಕ ಬಹುಮಾನವೆಂದರೆ ಮೊದಲ ಸುತ್ತಿನಲ್ಲೇ 62 ಗೆದ್ದ ಸ್ಯಾನ್ ಆಂಟೋನಿಯೊ, ಏಳು ಪಂದ್ಯಗಳಲ್ಲಿ ನಾಲ್ಕು ಗೆದ್ದವರು ಮುಂದಕ್ಕೆ. ಮೂರನೇ ಪಂದ್ಯಕ್ಕೆ ನಾನು ಕ್ರೀಡಾಂಗಣದ ತೀರಾ ಮೇಲಿನ ಸಾಲಿನಲ್ಲಿದ್ದೆ. ಅವರ ಗಿನೋಬಿಲಿ ಬುಟ್ಟಿಗೆ ಹಾಕಿ 108-106 ಮಾಡಿದಾಗ ಉಳಿದದ್ದು 1.7 ಸೆಕೆಂಡ್. ಪಕ್ಕದ ಹಿರಿಯರು ಜಾಕೆಟ್ ಹಾಕಿಕೊಳ್ಳುತ್ತಿದ್ದರು, ಒಂದು ತೋಳು ಒಳಗೆ, ಇನ್ನೊಂದು ಹೊರಗೆ. ಅಷ್ಟರಲ್ಲಿ ಮೂಲೆಯಲ್ಲಿ ನಮ್ಮ ವಿನ್ಸ್ ಕಾರ್ಟರ್ ಕೈಗೆ ಚೆಂಡು ಬಂತು, ಮೂರು ಅಂಕದ ಎಸೆತ, ಒಳಗೆ. 109-108. ಆ ಹಿರಿಯರು ಅರ್ಧ ಜಾಕೆಟ್‌ನಲ್ಲೇ ನನ್ನನ್ನು ಅಪ್ಪಿಕೊಂಡರು. ಕೊನೆಗೆ ಏಳನೇ ಪಂದ್ಯದಲ್ಲಿ ಸೋತೆವು. ಸ್ಯಾನ್ ಆಂಟೋನಿಯೊ ಚಾಂಪಿಯನ್ ಆಯಿತು, ಆ ದಾರಿಯಲ್ಲಿ ಅದನ್ನು ಏಳು ಪಂದ್ಯದವರೆಗೆ ಎಳೆದದ್ದು ಎಂಟನೇ ಸ್ಥಾನದ ನಾವೊಬ್ಬರೇ.

ಆದರೆ ಇಷ್ಟೇ ಹೇಳಿದರೆ ಅರ್ಧ ಸತ್ಯ. ಪೂರ್ವದ ಆ 38 ಗೆಲುವಿನ ಅಟ್ಲಾಂಟ ಕೂಡ 56 ಗೆದ್ದಿದ್ದ ಇಂಡಿಯಾನವನ್ನು ಏಳು ಪಂದ್ಯದವರೆಗೆ ಎಳೆಯಿತು. ಎದುರು ಪಕ್ಷದವರು ಇದನ್ನು ಎತ್ತಿಯೇ ಎತ್ತುತ್ತಾರೆ, ನಿಮ್ಮ ಅಳಿಯನಿಗೆ ಮೊದಲೇ ಹೇಳಿಡಿ.

ಮಂಡ್ಯದಿಂದ

ನಾನು ಶಾಲಾ ಬಾಲಕಿಯರಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ಎಂವಿಪಿ ವಿಷಯದಲ್ಲಿ ಕಾನ್ಫರೆನ್ಸ್ ಮಾಡುವ ದೊಡ್ಡ ಪರಿಣಾಮ ಬೇರೆಯೇ ಇದೆ: ಪೈಪೋಟಿಯಲ್ಲಿರುವ ಇಬ್ಬರು ಬೇರೆ ಬೇರೆ ಕಡೆಯವರಾದರೆ ಲೀಗ್ ಹಂತದಲ್ಲಿ ಎದುರಾಗುವುದು ಎರಡೇ ಸಲ. ಎಂವಿಪಿಗೆ ಪತ್ರಕರ್ತರು ಹಾಕುವ ಮತವೂ ಪ್ಲೇಆಫ್‌ಗೆ ಮೊದಲೇ ಮುಗಿದಿರುತ್ತದೆ.

2022-23ರಲ್ಲಿ ಪೈಪೋಟಿ ಇದ್ದದ್ದು ಪೂರ್ವದ ಫಿಲಡೆಲ್ಫಿಯದ ಎಂಬೀಡ್, ಡೆನ್ವರ್‌ನ ಯೋಕಿಚ್ ನಡುವೆ. ಜನವರಿ 28ರ ಪಂದ್ಯದಲ್ಲಿ ಎಂಬೀಡ್ 47 ಅಂಕ, 18 ರಿಬೌಂಡ್ (ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು) ಗಳಿಸಿ ಗೆಲ್ಲಿಸಿದರು. ನಮ್ಮ ಹುಡುಗಿಯರಿಗೆ ಅದನ್ನು ಮೊಬೈಲ್‌ನಲ್ಲಿ ತೋರಿಸಿದ್ದೆ, ಅಷ್ಟು ದೊಡ್ಡ ದೇಹ ಹೊತ್ತು ಎಂಬೀಡ್ ಪಾದ ತಿರುಗಿಸುವ ನಯವನ್ನು ನೋಡಲಿ ಎಂದು. ಮಾರ್ಚ್ 27ರಂದು ಡೆನ್ವರ್‌ನಲ್ಲಿ ಎರಡನೇ ಭೇಟಿ, ಮೀನಖಂಡದ ನೋವಿನಿಂದ ಎಂಬೀಡ್ ಆಡಲಿಲ್ಲ. ಇಬ್ಬರನ್ನು ಎದುರುಬದುರು ನಿಲ್ಲಿಸಿ ತೂಗಲು ಉಳಿದದ್ದು ಒಂದೇ ಪಂದ್ಯ.

ಆ ವರ್ಷ ಪೂರ್ವದ್ದೇ ಮೇಲುಗೈ ಎಂಬುದನ್ನೂ ಮರೆಯಬೇಡಿ. ಮಿಲ್ವಾಕಿ 58, ಬಾಸ್ಟನ್ 57, ಫಿಲಡೆಲ್ಫಿಯ 54. ಪಶ್ಚಿಮದ ಮೊದಲ ಸ್ಥಾನದ ಡೆನ್ವರ್‌ಗೆ 53. ಯೋಕಿಚ್‌ರನ್ನು "ಅಗ್ರಸ್ಥಾನದ ತಂಡದವರು" ಎಂದೂ ಎಂಬೀಡ್‌ರನ್ನು "ಮೂರನೇ ಸ್ಥಾನದವರು" ಎಂದೂ ಕರೆದರೆ ಕೇಳುವವರು ದಾರಿ ತಪ್ಪುತ್ತಾರೆ. ಪ್ರಶಸ್ತಿ ಎಂಬೀಡ್‌ಗೆ ಬಂತು, ಜೂನ್‌ನಲ್ಲಿ ಟ್ರೋಫಿ ಎತ್ತಿದವರು ಯೋಕಿಚ್. 2017ರಲ್ಲಿ ಓಕ್ಲಹೋಮ ಸಿಟಿಯ ವೆಸ್ಟ್‌ಬ್ರೂಕ್ 47 ಗೆಲುವಿನ, ಆರನೇ ಸ್ಥಾನದ ತಂಡದಿಂದಲೇ ಎಂವಿಪಿ ಆದರು. ಸ್ಥಾನಕ್ಕಿಂತ ಆಟಗಾರ ಅಂಕಣದಲ್ಲಿ ಮಾಡಿದ್ದೇನು ಎಂಬುದರ ಬಗ್ಗೆ ಹುಡುಗ ಹೆಚ್ಚು ಹೊತ್ತು ಮಾತಾಡಲಿ.

ಮತ್ತೆ ದಾವಣಗೆರೆಯಿಂದ

ಮೂವರಿಗೂ ಕೃತಜ್ಞತೆಗಳು. 22 ಪಂದ್ಯದ ಲೆಕ್ಕವನ್ನು ಊಟದ ಹೊತ್ತಿಗೆ ತೋರಿಸಿದೆ. ಅವನು ತಟ್ಟೆ ಸರಿಸಿ, ಕ್ಯಾಲ್ಕುಲೇಟರ್ ತೆಗೆದು ತಾನೇ ಮಾಡಿ ನೋಡಿದ. ಆಮೇಲೆ, "ಹಾಗಾದರೆ 60 ಬಿಡುತ್ತೇನೆ, ಯೋಕಿಚ್‌ರನ್ನು ಬಿಡುವುದಿಲ್ಲ" ಎಂದ. 2024-25ರಲ್ಲಿ ಪಂದ್ಯಕ್ಕೆ ಅವರ ಸರಾಸರಿ 29.6 ಅಂಕ, 12.7 ರಿಬೌಂಡ್, 10.2 ಅಸಿಸ್ಟ್ (ಜೊತೆಗಾರನಿಗೆ ಅಂಕ ತಂದುಕೊಡುವ ಪಾಸ್) ಎಂದು ಕಾಗದದ ಮೇಲೆ ಬರೆದುಕೊಂಡು ಭಾಷಣವನ್ನು ಮೊದಲಿನಿಂದ ಶುರು ಮಾಡಿದ್ದಾನೆ.