ಮಾನಸಿಕ ಕಾಯಿಲೆಯಿರುವ ಯುವಜನರ ಒಡನಾಟದ ತೊಡಕುಗಳನ್ನು ಅಧ್ಯಯನ ಮಾಡುವುದು ಹೇಗೆ?

ಪ್ರಶ್ನೆ (ಮನೋವೈದ್ಯಕೀಯ ಸಮಾಜಕಾರ್ಯದ ವಿದ್ಯಾರ್ಥಿನಿ)

ನಮಸ್ಕಾರ. ಸ್ಕಿಜೋಫ್ರೇನಿಯಾಗೆ ಚಿಕಿತ್ಸೆ ಪಡೆಯುತ್ತಿರುವ 16ರಿಂದ 24 ವರ್ಷದವರ ಸ್ನೇಹ ಸಂಬಂಧಗಳ ಕುರಿತು ಕಿರುಪ್ರಬಂಧ ಬರೆಯಲು ಹೊರಟಿದ್ದೇನೆ. ಮಾನಸಿಕ ಕಾಯಿಲೆಯಿಂದಾಗುವ ವೈಕಲ್ಯವನ್ನು ಅಳೆಯುವ, ಭಾರತೀಯ ಮನೋವೈದ್ಯರ ಸಂಘದ ಐಡಿಯಾಸ್ ಮಾಪಕವನ್ನು ಬಳಸುವಂತೆ ಮಾರ್ಗದರ್ಶಕರು ಸೂಚಿಸಿದ್ದಾರೆ. ಓದು ಬಿಟ್ಟು ಕೋಣೆಯಲ್ಲೇ ಉಳಿದ ಹುಡುಗನಿಗೂ, ದಿನವೂ ಕಾಲೇಜಿಗೆ ಹೋಗಿ ಯಾರೊಡನೆಯೂ ಮಾತಾಡದೆ ಮರಳುವ ಹುಡುಗಿಗೂ ಸಂಬಂಧಗಳ ವಿಷಯದಲ್ಲಿ ಅದು ಒಂದೇ ಅಂಕ ಕೊಟ್ಟೀತೆಂಬ ಅಳುಕು ನನಗಿದೆ. ಬೇರೆ ದಾರಿಯಿದೆಯೇ?

ಉತ್ತರ 1 (ಸಮಾಜ ಕಾರ್ಯಕರ್ತೆ)

ನಿಮ್ಮ ಅಳುಕು ಸರಿಯಾಗಿದೆ. ಸ್ವಂತ ಆರೈಕೆ, ಪರಸ್ಪರ ಸಂಬಂಧ, ಸಂವಹನ, ಕೆಲಸ ಎಂಬ ನಾಲ್ಕು ವಿಭಾಗಗಳಿಗೆ ಸೊನ್ನೆಯಿಂದ 4ರವರೆಗೆ ಅಂಕ ಕೊಡುವ ಆ ಮಾಪಕ ವೈಕಲ್ಯದ ಪ್ರಮಾಣವನ್ನು ಅಳೆಯಲು ಹುಟ್ಟಿದ್ದೇ ಹೊರತು ಅದರ ಕಾರಣ ಹುಡುಕಲು ಅಲ್ಲ. ಅದನ್ನು ಬಿಡಬೇಡಿ, ಜೊತೆಗೆ ಸಂದರ್ಶನವನ್ನೂ ಸೇರಿಸಿ. ಜನರಿಂದ ದೂರ ಸರಿಯುವುದಕ್ಕೆ ಉತ್ಸಾಹವೇ ಬತ್ತಿರುವುದು, ಸಂಶಯ, ರಾತ್ರಿಯ ಮಾತ್ರೆಯ ಮಂಪರು ಬೆಳಗಾದರೂ ಇಳಿಯದಿರುವುದು, ಗೆಳೆಯರೇ ದೂರವಾಗಿರುವುದು, ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು. "ಸ್ನೇಹಿತರು ಎಷ್ಟು ಮಂದಿ?" ಎಂದು ಕೇಳಿದರೆ ಇದಾವುದೂ ಹೊರಬರುವುದಿಲ್ಲ. "ಕಳೆದ ವಾರ ಯಾರಿಗೆ ಫೋನ್ ಮಾಡಿದಿರಿ, ಅವರು ತಾವಾಗಿ ಕೊನೆಯ ಸಲ ಮಾಡಿದ್ದು ಯಾವಾಗ?" ಎಂದು ಕೇಳಿ ನೋಡಿ.

ನಿಮ್ಹಾನ್ಸ್‌ನಲ್ಲಿ ರೂಪುಗೊಂಡ ಸಾಕ್ರಟಿಸ್ ಪರೀಕ್ಷೆಗಳು ಇನ್ನೊಬ್ಬರ ಮನಸ್ಸನ್ನು ಗ್ರಹಿಸುವ ಶಕ್ತಿಯನ್ನು ಅಳೆಯುತ್ತವೆ. ಅವು ಉಪಯುಕ್ತವೇ, ಆದರೆ ಮಾತಾಡಿಸುವವರೇ ಇಲ್ಲದ ಹುಡುಗನ ಕೊರತೆ ಅವನ ಗ್ರಹಿಕೆಯದ್ದಲ್ಲ.

ಉತ್ತರ 2 (ಸಂಶೋಧನೆಗಳ ನೈತಿಕತೆಯನ್ನು ಪರಿಶೀಲಿಸುವ ಸಮಿತಿಯೊಂದರ ಸದಸ್ಯ)

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ 18 ತುಂಬದವರಿಗೆ ಪೋಷಕರ ಒಪ್ಪಿಗೆಯ ಜೊತೆಗೆ ಅವರದೇ ಸಮ್ಮತಿಯೂ ಬೇಕು. ನಿಮ್ಮ ಗುಂಪಿನಲ್ಲಿ 18 ತುಂಬದವರಿಂದ ಆ ಸಮ್ಮತಿಯನ್ನು ಬರವಣಿಗೆಯಲ್ಲೇ ಪಡೆಯಬೇಕು. ತಾಯಿ ಪಕ್ಕದಲ್ಲೇ ಕುಳಿತಿರುವಾಗ ಯಾವ ಹುಡುಗಿಯೂ ತನ್ನ ಗೆಳೆತನಗಳ ಬಗ್ಗೆ ಬಿಚ್ಚಿ ಮಾತಾಡುವುದಿಲ್ಲವಾದ್ದರಿಂದ, ಪ್ರತ್ಯೇಕ ಭೇಟಿಯನ್ನು ಮತ್ತು ಅಪಾಯದ ಸೂಚನೆ ಕಂಡರೆ ಮಾತ್ರ ಯಾರಿಗೆ ತಿಳಿಸುವಿರೆಂಬುದನ್ನು ಪ್ರಸ್ತಾವನೆಯಲ್ಲೇ ಬರೆಯಿರಿ.

ಉತ್ತರ 3 (ಚಿಕಿತ್ಸೆಯಲ್ಲಿರುವ ಯುವಕ)

ಮೇಡಂ, ನಮ್ಮನ್ನು ಕೇಳುವವರು ಒಂಟಿತನವನ್ನೆಲ್ಲ ಕಾಯಿಲೆಯ ಲಕ್ಷಣವೆಂದೇ ಬರೆದುಕೊಳ್ಳುತ್ತಾರೆ. ನಾನು ಮದುವೆ ಮನೆಗಳಿಗೆ ಹೋಗದಿರುವುದು ಜನರ ಭಯದಿಂದಲ್ಲ, "ಈಗೇನು ಮಾಡ್ಕೊಂಡಿದ್ದೀಯಪ್ಪ?" ಎಂಬ ಪ್ರಶ್ನೆಗೆ ಕೊಡಲು ನನ್ನಲ್ಲಿ ಉತ್ತರವಿಲ್ಲದ್ದರಿಂದ. ಪ್ರಶ್ನಾವಳಿ ಅಂತಿಮವಾಗುವ ಮೊದಲು ನಮ್ಮಂಥ ಒಂದಿಬ್ಬರಿಗೆ ಅದನ್ನು ಓದಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಐಡಿಯಾಸ್ ಉಳಿಸಿಕೊಂಡು ಸಂದರ್ಶನವನ್ನು ಸೇರಿಸುತ್ತೇನೆ. ಉತ್ತರ 3 ಬರೆದ ಸರ್, ತಾವು ಒಪ್ಪಿದರೆ ಪ್ರಶ್ನಾವಳಿಯ ಕರಡನ್ನು ಮೊದಲು ತಮಗೇ ಕಳುಹಿಸುತ್ತೇನೆ.